ಐಸ್ ಸ್ಲರಿ ಯಂತ್ರ: ಮೂರು ವರ್ಷ ಬಳಸಿ ಕಲಿತ ಉಪ್ಪಿನ ಲೆಕ್ಕ

ನಮ್ಮೂರು ಕಾರವಾರ. ಗೋವಾದ ವಾಸ್ಕೋದಲ್ಲಿ ಮೀನಿನ ಸಣ್ಣ ಕೋಲ್ಡ್ ಸ್ಟೋರೇಜ್ ಇಟ್ಟಿದ್ದೇವೆ. ಒಡೆದ ಬ್ಲಾಕ್ ಐಸಿನ ಚೂಪು ತಾಗಿ ಬಂಗಡೆ, ತಾರ್ಲೆಗಳ ಮೈ ಹರಿಯುತ್ತಿತ್ತು. ಅದಕ್ಕೇ ಸ್ಲರಿ ಯಂತ್ರ ತಂದೆವು. ಗಂಜಿಯಂಥ ಮೆತ್ತಗಿನ ಐಸು ಮೀನಿನ ಸುತ್ತ ಎಲ್ಲ ಕಡೆ ಕೂರುತ್ತದೆ, ಬೇಗ ತಣಿಸುತ್ತದೆ. ಈ ವಿಷಯದಲ್ಲಿ ಯಂತ್ರಕ್ಕೆ ಪೂರ್ತಿ ಅಂಕ.

ಐಸು ಗಟ್ಟಿಯಾಗದೆ ಗಂಜಿಯಂತಾಗಲು ನೀರಿಗೆ ಉಪ್ಪು ಬೆರೆಸಬೇಕು. ಆದರೆ ಎಷ್ಟು ಅಂತ ಯಂತ್ರ ಕೊಟ್ಟವರು ಸರಿಯಾಗಿ ಹೇಳಲಿಲ್ಲ. ಮೊದಲು 1000 ಲೀಟರ್ ನೀರಿಗೆ 10 ಕೆಜಿ ಹಾಕಿದೆವು. ಐಸು ಹೆಂಟೆ ಹೆಂಟೆಯಾಗಿ ಡ್ರಮ್ಮಿಗೆ ಅಂಟಿತು. ಪಂಪ್ ಕಟ್ಟಿಕೊಂಡಿತು. ಮೆಕ್ಯಾನಿಕ್ ಬ್ಲೇಡ್ ಬದಲಿಸಿದ, ಮರುವಾರ ಮತ್ತೆ ಅದೇ ಕತೆ. ಆಮೇಲೆ 60 ಕೆಜಿ ಸುರಿದೆವು. ಸ್ಲರಿ ನುಣ್ಣಗೆ ಬಂತು, ಆದರೆ ಮೈನಸ್ 3.5 ಡಿಗ್ರಿಗೂ ಕೆಳಗಿಳಿಯಿತು. ಮೀನು ಸೆಟೆದು, ಕಣ್ಣು ಬೆಳ್ಳಗಾಯಿತು. ಮಾರ್ಕೆಟ್ಟಿನ ಅಕ್ಕ ಒಬ್ಬರು, "ತಮ್ಮಾ, ಇದು ತಾಜಾ ಮೀನಾ, ಉಪ್ಪು ಮೀನಾ?" ಅಂತ ಕೇಳಿದರು. ಆ ಮಾತು ನನಗೆ ತುಂಬಾ ನಾಟಿತು.

ಈಗ 30 ಕೆಜಿಯಲ್ಲಿ ನಿಂತಿದ್ದೇವೆ. ಮೈನಸ್ 1.8ರ ಹತ್ತಿರ ಐಸು ಕಟ್ಟಲು ಶುರುವಾಗುತ್ತದೆ. ಇಲ್ಲೊಂದು ಸೊಗಸಾದ ಸಂಗತಿ ಇದೆ. ಹೆಪ್ಪುಗಟ್ಟುವುದು ನೀರು ಮಾತ್ರ, ಉಪ್ಪು ಉಳಿದ ನೀರಿನಲ್ಲೇ ನಿಲ್ಲುತ್ತದೆ. ಐಸು ಜಾಸ್ತಿಯಾದಂತೆ ಉಳಿದ ನೀರು ಇನ್ನೂ ಉಪ್ಪಾಗುತ್ತದೆ, ಡಿಗ್ರಿ ಇನ್ನೂ ಇಳಿಯುತ್ತದೆ. ಹಾಗಾಗಿ ಒಳ್ಳೆಯ ಥರ್ಮಾಮೀಟರ್ ಒಂದಿದ್ದರೆ ಐಸೆಷ್ಟು ಆಗಿದೆ ಅಂತ ಗೊತ್ತಾಗುತ್ತದೆ. ಮೈನಸ್ 2.3 ತೋರಿಸಿದರೆ ಸುಮಾರು ಐದರಲ್ಲೊಂದು ಪಾಲು ಐಸು. ಪೈಪಿನಲ್ಲಿ ಸಲೀಸಾಗಿ ಹರಿಯುತ್ತದೆ. ನಾವು ಅಲ್ಲೇ ನಿಲ್ಲಿಸುತ್ತೇವೆ.

ಉಪ್ಪಿನ ಬದಲು ಗ್ಲೈಕಾಲ್ (ಉಪ್ಪಿನಂತೆಯೇ ನೀರು ಹೆಪ್ಪುಗಟ್ಟುವ ಡಿಗ್ರಿ ಇಳಿಸುವ ದ್ರವ) ಹಾಕಿ ಅಂತಲೂ ಕೆಲವರು ಹೇಳಿದರು. ತುಕ್ಕಿನ ಕಾಟ ಕಡಿಮೆ, ನಿಜ. ಆದರೆ ಗಾಡಿ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ. ದಯವಿಟ್ಟು ಅದನ್ನು ಮೀನಿನ ಹತ್ತಿರವೂ ತರಬೇಡಿ. ನಮ್ಮ ಕೋಲ್ಡ್ ರೂಮನ್ನು ತಣಿಸಲು ಮುಚ್ಚಿದ ಪೈಪುಗಳಲ್ಲಿ ತಿರುಗುವ ಸ್ಲರಿಗೆ ಆಹಾರ ದರ್ಜೆಯ ಪ್ರೊಪಿಲೀನ್ ಗ್ಲೈಕಾಲ್ ಹಾಕಿದ್ದೇವೆ, ಸೋರಿದರೂ ಅಷ್ಟು ಭಯವಿಲ್ಲ ಅಂತ. ಅದು ದುಬಾರಿ. ಜಾಸ್ತಿಯಾದರೆ ದ್ರವ ಮಂದವಾಗಿ ಪಂಪಿಗೆ ಭಾರ, ಕರೆಂಟ್ ಬಿಲ್ ಏರುತ್ತದೆ. ಮೀನಿಗೆ ತಾಗುವ ಟ್ಯಾಂಕಿನಲ್ಲಿ ಮಾತ್ರ ಬರೀ ಉಪ್ಪು.

ದೂರು ಒಂದೇ, ತುಕ್ಕು. ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದಲ್ಲಿ ಉಪ್ಪುನೀರನ್ನು ಸುಮ್ನೆ ಒಳಗೇ ಬಿಟ್ಟಿದ್ದೆವು. ಆಗಸ್ಟಿನಲ್ಲಿ ಪಂಪಿನ ಬೋಲ್ಟುಗಳು ಕೈಗೇ ಉದುರಿದವು. ಈಗ ಮೇ ಕೊನೆಯಲ್ಲೇ ಟ್ಯಾಂಕ್ ಖಾಲಿ ಮಾಡಿ, ಸಿಹಿನೀರಿನಲ್ಲಿ ಎರಡು ಸಲ ತೊಳೆದು, ಒಣಗಿಸಿಡುತ್ತೇವೆ.