ಹಳೆಯ ಕಾರಿಗೆ ಸ್ಪ್ರೇ ರಬ್ಬರ್ ಲೇಪನ: ಎರಡು ವರ್ಷ ಬಳಸಿದ ಮೇಲೆ

ಹದಿನಾಲ್ಕು ವರ್ಷ ಬಿಸಿಲಿನಲ್ಲೇ ನಿಂತ ನನ್ನ ಕಾರಿನ ಬಾನೆಟ್ ಪೂರ್ತಿ ಮಂಕಾಗಿ, ಒಂದೆರಡು ಕಡೆ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಹಾವಿನ ಪೊರೆಯಂತೆ ಏಳತೊಡಗಿತ್ತು. ಅಷ್ಟು ಹಳೆಯ ಗಾಡಿಗೆ ಹೊಸ ಪೇಂಟಿನ ಖರ್ಚು ಸಲ್ಲದು ಎನಿಸಿದ್ದರಿಂದ, ಕ್ಯಾನಿನಿಂದ ಸಿಂಪಡಿಸಿ ಬೇಡವಾದಾಗ ಸುಲಿದು ತೆಗೆಯಬಹುದಾದ ಮ್ಯಾಟ್ ಕಪ್ಪು ರಬ್ಬರ್ ಲೇಪನವನ್ನು ಬಾನೆಟ್, ಗ್ರಿಲ್ ಹಾಗೂ ನಾಲ್ಕು ಅಲಾಯ್ ವೀಲ್‌ಗಳಿಗೆ ನಾನೇ ಹಾಕಿದೆ.

ಇದು ಪೇಂಟ್ ಅಲ್ಲ. ದ್ರಾವಕದಲ್ಲಿ ಕರಗಿರುವ ಸಿಂಥೆಟಿಕ್ ರಬ್ಬರ್, ದ್ರಾವಕ ಆವಿಯಾದ ಮೇಲೆ ತೆಳುವಾದ ಚರ್ಮದಂತೆ ಲೋಹದ ಮೇಲೆ ಕೂರುತ್ತದೆ. ಈ ಬಗೆಯಲ್ಲಿ ಹೆಸರಾದ ಪ್ಲಾಸ್ಟಿ ಡಿಪ್ ಮೊದಲು ಬಳಕೆಗೆ ಬಂದದ್ದು ಇಕ್ಕಳದಂಥ ಉಪಕರಣಗಳ ಹಿಡಿಯನ್ನು ಅದ್ದಿ ತೆಗೆಯುವುದಕ್ಕೆ. ಕಾರಿನ ಗೀಳು ಆಮೇಲಿನದು. ನಾನು ತಂದದ್ದು ಬೇರೊಂದು ಕಂಪನಿಯದು.

ಸಿಂಪಡಿಸುವುದಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಅದರ ಮುಂಚಿನ ಕೆಲಸವೇ. ಹಳೆಯ ಮೇಣ, ಜಿಡ್ಡು ಯಾವುದೂ ಉಳಿಯದಂತೆ ತೊಳೆದು, ಸಂದುಗಳಲ್ಲಿನ ನೀರು ಪೂರ್ತಿ ಆರುವ ತನಕ ಕಾದು, ಗಾಜು ಮತ್ತು ದೀಪಗಳಿಗೆ ಕಾಗದ ಮುಚ್ಚಿ ಮಾಸ್ಕಿಂಗ್ ಟೇಪ್ ಹಚ್ಚಬೇಕಾಯಿತು. ಕ್ಯಾನನ್ನು 15ರಿಂದ 20 ಸೆಂಟಿಮೀಟರ್ ದೂರದಲ್ಲಿ ಹಿಡಿದು ಹಾಕುವ ಮೊದಲ ಕೋಟು, ಕೆಳಗಿನ ಬಣ್ಣ ಅರ್ಧದಷ್ಟು ಕಾಣುವಷ್ಟು ತೆಳುವಾಗಿರಬೇಕು. ನೋಡಲು ಕೆಟ್ಟದಾಗಿಯೇ ಇರುತ್ತದೆ, ಗಾಬರಿಯಾಗಬಾರದು. ಆ ಕೋಟು ಇರುವುದು ಲೇಪನ ಚೆನ್ನಾಗಿ ಅಂಟಲೆಂದು, ಮುಂದಿನವು ಒದ್ದೆಯಾಗಿ ಹೊಳೆಯುವಷ್ಟು ಬೀಳಬೇಕು. ನಡುವೆ ಇಪ್ಪತ್ತು ನಿಮಿಷ ಬಿಟ್ಟು ಬಾನೆಟ್ ಮತ್ತು ಚಕ್ರಗಳಿಗೆ ಆರು ಕೋಟು ಹಾಕಿದೆ. ಸಂಜೆಯಾಗಿ ಬೆರಳು ಸೋತಿದ್ದರಿಂದ ಗ್ರಿಲ್‌ಗೆ ಮೂರಕ್ಕೇ ನಿಲ್ಲಿಸಿದೆ. ಟೇಪನ್ನು ಕೊನೆಯ ಕೋಟು ಹಸಿಯಿರುವಾಗಲೇ ಎಳೆಯಬೇಕು. ಆರಿದ ಮೇಲೆ ಎಳೆದರೆ ಅದರೊಡನೆ ಲೇಪನವೂ ಹರಿದು ಬರುತ್ತದೆ. ಆವಿಯ ವಾಸನೆ ತಲೆಸುತ್ತು ತರಿಸುವಷ್ಟು ಗಾಢ, ಬೆಂಕಿಯೂ ಬೇಗ ಹತ್ತುತ್ತದೆ. ಆದ್ದರಿಂದ ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಈ ಕೆಲಸ ಸಲ್ಲದು. ಬಟ್ಟೆಯ ಮುಸುಕು ಆವಿಯನ್ನು ತಡೆಯುವುದಿಲ್ಲ, ಆವಿಯನ್ನು ಹೀರಿಕೊಳ್ಳುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು.

ಚಕ್ರಗಳ ಮಟ್ಟಿಗೆ ನನಗೆ ಯಾವ ದೂರೂ ಇಲ್ಲ. ಬ್ರೇಕಿನ ಕಪ್ಪು ಪುಡಿ ಸೋಪು ನೀರಿಗೇ ಬಿಟ್ಟುಹೋಗುತ್ತದೆ. ಬಾನೆಟ್ ಮಾತ್ರ ನಾಲ್ಕು ಮಾರು ದೂರದಿಂದ ಹೊಸದು, ಹತ್ತಿರ ಬಂದರೆ ಹಳೆಯದು. ರಬ್ಬರ್ ಬಣ್ಣವನ್ನು ಮುಚ್ಚುತ್ತದೆಯೇ ಹೊರತು ಏರುತಗ್ಗನ್ನಲ್ಲ. ಎದ್ದ ಕ್ಲಿಯರ್ ಕೋಟಿನ ಅಂಚುಗಳನ್ನು ನಾನು ಮರಳುಕಾಗದದಲ್ಲಿ ಉಜ್ಜಿ ಸಮ ಮಾಡದ ಕಾರಣ, ಓರೆ ಬಿಸಿಲು ಬಿದ್ದಾಗ ಅವು ನಕ್ಷೆಯ ಗೆರೆಗಳಂತೆ ಎದ್ದು ಕಾಣುತ್ತಿದ್ದವು. ತುಕ್ಕಿಗೂ ಇದು ಮದ್ದಲ್ಲ, ಕೆಳಗಿರುವ ತುಕ್ಕು ತನ್ನ ಪಾಡಿಗೆ ಬೆಳೆಯುತ್ತದೆ. ಪೆಟ್ರೋಲ್ ತಾಗಿದರೆ ಲೇಪನ ಮೆತ್ತಗಾಗಿ ಕಿತ್ತು ಬರುವುದರಿಂದ ಟ್ಯಾಂಕ್ ಮುಚ್ಚಳದ ಸುತ್ತ ಹಾಕದಿದ್ದದ್ದು ಒಳ್ಳೆಯದಾಯಿತು.

ಕೋಟುಗಳ ಲೆಕ್ಕ ಎಷ್ಟು ಮುಖ್ಯವೆಂಬುದು ಮೊನ್ನೆ ಸುಲಿಯುವಾಗ ತಿಳಿಯಿತು. ಬಾನೆಟ್ಟಿನ ಮೂಲೆಯನ್ನು ಉಗುರಿನಿಂದ ಎಬ್ಬಿಸಿ ಎಳೆದರೆ, ಸಣ್ಣಗೆ ಸದ್ದು ಮಾಡುತ್ತ ಮೊಣಕೈ ಉದ್ದದ ಹಾಳೆ ಒಂದೇ ಸಲಕ್ಕೆ ಬಂದಿತು. ಅದರ ಹಿಂಬದಿಗೆ ಅಂಟಿಕೊಂಡು ಸಡಿಲವಾಗಿದ್ದ ಹಳೆಯ ಕ್ಲಿಯರ್ ಕೋಟಿನ ಚೂರುಗಳೂ ಬಂದವು. ಮೂರೇ ಕೋಟಿನ ಗ್ರಿಲ್‌ನಲ್ಲಿ ಹಾಳೆಯೇ ಇಲ್ಲ, ಬರೀ ಪುಡಿ. ಬಟ್ಟೆಯಿಂದ ತಿಕ್ಕಿ ತಿಕ್ಕಿ ಇಡೀ ಮಧ್ಯಾಹ್ನ ಕಳೆದರೂ ಜಾಲರಿಯ ಒಳಮೂಲೆಗಳಲ್ಲಿ ಇನ್ನೂ ಕಪ್ಪು ಉಳಿದಿದೆ. ಚಕ್ರಗಳಿಗೆ ಮತ್ತೆ ಇದನ್ನೇ ಹಾಕಲಿದ್ದೇನೆ. ಬಾನೆಟ್ ಪೇಂಟರ್ ಕೈಗೆ ಹೋಗಲಿದೆ.