ಮೂರು ದೀರ್ಘ ವೆಬ್‌ಕಾಮಿಕ್‌ಗಳು: ನನ್ನ ಮತ ಯಾವುದಕ್ಕೆ?

ವೆಬ್‌ಕಾಮಿಕ್ ಎಂದರೆ ಅಂತರ್ಜಾಲದಲ್ಲಿ ಕಂತುಕಂತಾಗಿ ಬರುವ ಚಿತ್ರಕಥೆ. ನಾನು ಓದುವ ಮೂರರಲ್ಲಿ ಒಂದು ದಿನವೂ ತಪ್ಪದೆ ಬಂದದ್ದು ಒಂದು, ವಾರಕ್ಕೆ ಐದು ದಿನ ಬರುವುದು ಇನ್ನೊಂದು, ಮುಂದಿನ ಕಂತು ಯಾವಾಗ ಎಂದು ಯಾರೂ ಹೇಳಲಾಗದ್ದು ಮತ್ತೊಂದು. ಮೂರನ್ನೂ ವರ್ಷಗಟ್ಟಲೆ ಓದಿದ ಮೇಲೆ ನನ್ನ ಮತ ಈ ಕೊನೆಯದಕ್ಕೆ. ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ಇದನ್ನು ಒಪ್ಪುವವರಿಲ್ಲ. ಅಕ್ಕನ ಮಗಳು ಎರಡನೆಯದರ ಕಟ್ಟಾ ಅಭಿಮಾನಿ. ಹಾಗಾಗಿ ಕಾರಣಗಳನ್ನು ಕೊಡಲೇಬೇಕು.

ಮೊದಲನೆಯದು ಹೊವರ್ಡ್ ಟೇಯ್ಲರ್ ಅವರ ‘ಶ್ಲಾಕ್ ಮರ್ಸಿನರಿ’. ಬಾಹ್ಯಾಕಾಶದಲ್ಲಿ ಬಾಡಿಗೆಗೆ ಯುದ್ಧ ಮಾಡುವ ಸೈನಿಕರ ಕಥೆ. 2000ದ ಜೂನ್ 12ರಂದು ಶುರುವಾಗಿ 2020ರ ಜುಲೈ 24ರಂದು ಮುಗಿಯಿತು. ಈ ಇಪ್ಪತ್ತು ವರ್ಷಗಳಲ್ಲಿ ಒಂದು ದಿನದ ಕಂತೂ ತಪ್ಪಲಿಲ್ಲ. ಇದಕ್ಕೆ ನಾನು ಮನಸಾರೆ ತಲೆಬಾಗುತ್ತೇನೆ. ಓದುಗನ ದಿನಚರಿಯಲ್ಲಿ ಜಾಗ ಕೇಳಿದವರು ಆ ಜಾಗವನ್ನು ಖಾಲಿ ಬಿಡಲಿಲ್ಲ. ಆದರೆ ದಿನದ ಕಂತಿಗೆ ಒಂದು ಬೆಲೆಯೂ ಇದೆ: ಪ್ರತಿ ಕಂತಿನ ಕೊನೆಯ ಚೌಕದಲ್ಲಿ ನಗೆ ಬರಲೇಬೇಕು. ಸಾವಿನ ಸನ್ನಿವೇಶದಲ್ಲೂ ದುಃಖ ಗಟ್ಟಿಯಾಗುವಷ್ಟರಲ್ಲಿ ಚಟಾಕಿ ಹಾರುತ್ತದೆ. ವಿಜಯಪುರಕ್ಕೆ ಹೋಗುವ ಬಸ್ಸಿನಲ್ಲಿ ಕೊಲ್ಹಾರದ ಸೇತುವೆ ಬರುವುದರೊಳಗೆ ಕಂತಿನ ಮೇಲೆ ಕಂತು ಓದುತ್ತಾ ಹೋದರೆ ಈ ತಾಳ ಬೇಸರ ತರಿಸುತ್ತದೆ. ದಿನಕ್ಕೊಂದರಂತೆ ಓದಿದಾಗ ಇದೇ ತಾಳ ಹಿತವಾಗಿತ್ತು. ಇದು ಮುಗಿದಿರುವ ಕಥೆ ಎಂಬುದು ಅದರ ದೊಡ್ಡ ಬಲ. ಹೊಸ ಓದುಗನಿಗೆ ನಡುದಾರಿಯಲ್ಲಿ ಕೈಬಿಡುವ ಭಯವಿಲ್ಲ.

ಎರಡನೆಯದು ಜೆಫ್ ಜಾಕ್ಸ್ ಅವರ ‘ಕ್ವೆಶ್ಚನಬಲ್ ಕಂಟೆಂಟ್’. 2003ರ ಆಗಸ್ಟ್‌ನಿಂದ ನಡೆಯುತ್ತಿದೆ, 5,000 ಕಂತುಗಳನ್ನು ದಾಟಿದೆ. ಅಮೆರಿಕದ ನಾರ್ಥಾಂಪ್ಟನ್ ಊರಿನ ಕಾಫಿ ಅಂಗಡಿಯೊಂದರ ಸುತ್ತ ಸೇರುವ ಯುವಕ ಯುವತಿಯರು, ಅವರ ಜೊತೆ ಮಾತನಾಡುವ ರೋಬೋಟುಗಳು. ಮೊಬೈಲಿನಲ್ಲಿ ಓದಲು ಮೂರರಲ್ಲಿ ಇದೇ ಸಲೀಸು. ಫೇ ಎಂಬ ಹುಡುಗಿ ಯಾರನ್ನೂ ಹತ್ತಿರ ಬಿಟ್ಟುಕೊಳ್ಳದಿರುವುದಕ್ಕೆ ಕಾರಣ ತಿಳಿಯಲು ಸುಮಾರು ಐನೂರು ಕಂತು ಕಾಯಬೇಕು. ತಿಳಿದಾಗ ಅವಳ ಹಿಂದಿನ ಒರಟು ಮಾತುಗಳೆಲ್ಲ ಬೇರೆಯಾಗಿ ಕೇಳಿಸುತ್ತವೆ. ಆ ಭಾಗವನ್ನು ನಾನು ಯಾರೆದುರೂ ಹೊಗಳಬಲ್ಲೆ. ಮುಂದೆ ಹೊಸ ಪಾತ್ರಗಳು ಬರುತ್ತಲೇ ಹೋಗುತ್ತವೆ, ಹಳಬರು ಸದ್ದಿಲ್ಲದೆ ಮರೆಯಾಗುತ್ತಾರೆ. “ಮಾಮಾ, ಜೀವನದಲ್ಲಿಯೂ ಗೆಳೆಯರು ಹಾಗೆಯೇ ದೂರವಾಗುತ್ತಾರಲ್ಲ” ಎನ್ನುತ್ತಾಳೆ ಅಕ್ಕನ ಮಗಳು. ಮಾತು ನಿಜವೇ. ಆದರೂ ಕಥಾನಾಯಕ ಮಾರ್ಟನ್‌ನನ್ನು ಮೊದಲ ಕಂತಿನಿಂದ ಬಲ್ಲ ನನಗೆ ಅವನು ವಾರಗಟ್ಟಲೆ ಕಾಣದಿದ್ದರೆ ಕಸಿವಿಸಿಯಾಗುತ್ತದೆ.

ಇನ್ನು ರಿಚ್ ಬರ್ಲ್ಯೂ ಅವರ ‘ದಿ ಆರ್ಡರ್ ಆಫ್ ದಿ ಸ್ಟಿಕ್’. ಇದೂ 2003ರದೇ, ಮಾಯಾಲೋಕದ ಸಾಹಸಿಗಳ ತಂಡವೊಂದರ ಕಥೆ. ದುಂಡು ತಲೆ, ಕಡ್ಡಿಯಂಥ ಕೈಕಾಲುಗಳ ಬಣ್ಣದ ಗೊಂಬೆಗಳು. ಚಿತ್ರ ಕಂಡು ಇದು ಮಕ್ಕಳದ್ದು ಎಂದುಕೊಳ್ಳುವವರೇ ಹೆಚ್ಚು. ಕಂತು ವಾರಕ್ಕೊಮ್ಮೆಯೂ ಬರಬಹುದು, ತಿಂಗಳು ಕಳೆದರೂ ಬಾರದಿರಬಹುದು. 2012ರಲ್ಲಿ ಕೈಗೆ ಪೆಟ್ಟಾಗಿ ಬರ್ಲ್ಯೂ ಕೆಲಕಾಲ ಚಿತ್ರ ಬರೆಯಲಾಗಲಿಲ್ಲ. ಅದೇ ವರ್ಷ, ಪ್ರತಿಗಳು ಮುಗಿದಿದ್ದ ಸಂಪುಟಗಳ ಮರುಮುದ್ರಣಕ್ಕೆ ಹಣ ಕೇಳಿದಾಗ ಓದುಗರು 12 ಲಕ್ಷ ಡಾಲರ್‌ಗೂ ಹೆಚ್ಚು ಕೊಟ್ಟಿದ್ದರು. ಇಷ್ಟು ಅನಿಯಮಿತ ಕಥೆಗೆ ಇಷ್ಟು ಪ್ರೀತಿ ಏಕೆ?

ಡರ್ಕನ್‌ನನ್ನೇ ನೋಡಿ. ಕಾರಣ ತಿಳಿಸದೆ ತಾಯ್ನಾಡಿನಿಂದ ಹೊರಗೆ ಕಳಿಸಲಾದ ಕುಳ್ಳ ಪುರೋಹಿತ. ನಾನು ಊರಿಗೆ ಮರಳುವುದು ಹೇಗೆ ಎಂದು ಭವಿಷ್ಯ ಹೇಳುವವನನ್ನು ಕೇಳುತ್ತಾನೆ. ಸತ್ತ ಮೇಲೆ, ಎಂಬ ಉತ್ತರ ಬರುತ್ತದೆ. ಆ ಉತ್ತರಕ್ಕೆ ಡರ್ಕನ್ ಸಂತೋಷಪಡುತ್ತಾನೆ! ಹಿರಿಯರ ಮಣ್ಣಿನಲ್ಲಿ ತನ್ನ ದೇಹ ಸೇರುತ್ತದಲ್ಲ ಎಂಬ ಸಮಾಧಾನ ಅವನಿಗೆ. ಓದುಗರಾದ ನಾವು ಈ ಮಾತನ್ನು ಹೊತ್ತುಕೊಂಡು ವರ್ಷಗಳ ಕಾಲ ನಡೆದೆವು. ಭವಿಷ್ಯ ನಿಜವಾಗುತ್ತದೆ, ಆದರೆ ಅವನೂ ನಾವೂ ಎಣಿಸಿದ ರೀತಿಯಲ್ಲಿ ಅಲ್ಲ. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಹೇಳಿದರೆ ಹೊಸ ಓದುಗನಿಗೆ ಅನ್ಯಾಯ. ಬರೆದವರು ಹಳೆಯ ಮಾತನ್ನು ಮರೆತಿಲ್ಲ, ಓದಿದವನ ನೆನಪಿಗೂ ಗೌರವ ಕೊಟ್ಟಿದ್ದಾರೆ. ಅಭಿಮಾನಿಗೆ ಇದಕ್ಕಿಂತ ದೊಡ್ಡ ಸುಖವನ್ನು ನಾನು ಕಂಡಿಲ್ಲ. ಇಂಥ ಕಥೆಗೆ ತಿಂಗಳು ಕಾಯುವುದೂ ನನಗೆ ಕಷ್ಟವೆನಿಸುವುದಿಲ್ಲ, ಏಕೆಂದರೆ ಆ ಬಿಡುವಿನಲ್ಲಿ ಹಳೆಯ ಕಂತುಗಳಿಗೆ ಹಿಂದಿರುಗಿ ಏನೇನು ಬಾಕಿ ಉಳಿದಿದೆ ಎಂದು ಹುಡುಕುತ್ತೇನೆ.

ಕೊರತೆಯೂ ಇದೆ. ನಮ್ಮ ಕೃಷ್ಣ ಪಾರಿಜಾತದಲ್ಲಿ ಪಾತ್ರ ರಂಗಕ್ಕೆ ಬಂದೊಡನೆ ಭಾಗವತ ಅದರ ಹೆಸರು, ಊರು ಕೇಳಿ ಪರಿಚಯ ಮಾಡಿಸುತ್ತಾನೆ; ನಡುವೆ ಬಂದು ಕುಳಿತವರಿಗೂ ಆಟ ಅರ್ಥವಾಗುತ್ತದೆ. ಬರ್ಲ್ಯೂ ಕಥೆಯಲ್ಲಿ ಆ ಸೌಕರ್ಯವಿಲ್ಲ. 1,300 ದಾಟಿದ ಕಂತುಗಳನ್ನು ಮೊದಲಿನಿಂದ ಓದಲೇಬೇಕು. ಜೊತೆಗೆ ಆರಂಭದ ಹಾಸ್ಯವೆಲ್ಲ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ, ಆಟಗಾರರು ಸಾಹಸಿಗಳ ಪಾತ್ರ ವಹಿಸಿ ದಾಳ ಉರುಳಿಸಿ ಆಡುವ ಆಟದ ನಿಯಮಗಳ ಮೇಲಿದೆ, ಆ ಆಟ ಗೊತ್ತಿಲ್ಲದವರಿಗೆ ಅರ್ಧ ನಗೆ ತಪ್ಪುತ್ತದೆ. ಸಾಲುಗಟ್ಟಿದ ಮಾತುಗಳಿಂದ ಪುಟ ತುಂಬಿರುವುದರಿಂದ ಮೊಬೈಲಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ಓದಬೇಕು.

ದಿನಕ್ಕೆ ಐದು ನಿಮಿಷವಷ್ಟೇ ಇರುವವರು ಜಾಕ್ಸ್ ಅವರನ್ನು ಹಿಡಿಯಲಿ. ಮುಗಿದ ಕಥೆಯೇ ಬೇಕೆನ್ನುವವರಿಗೆ ಟೇಯ್ಲರ್ ಇದ್ದಾರೆ, ದಿನಕ್ಕೆ ನಾಲ್ಕಾರು ಕಂತು ಮೀರದಂತೆ ಓದಿದರೆ ಒಳ್ಳೆಯದು. ಬರ್ಲ್ಯೂ ಅವರನ್ನು ಬೇಸಿಗೆ ರಜೆಯಲ್ಲಿ, ದೊಡ್ಡ ಪರದೆಯಲ್ಲಿ ಶುರುಮಾಡಿ. ಮೊದಲ ನೂರು ಕಂತು ದಾಟುವವರೆಗೆ ತೀರ್ಪು ಕೊಡಬೇಡಿ.