ಬ್ಲಾಕ್ಡ್ ಅಕೌಂಟ್‌ಗೆ ದುಡ್ಡು ಕಳಿಸುವ ಮುಂಚೆ ಇದನ್ನು ಓದಿ: 22 ಯೂರೋ ಕಡಿಮೆ ಬಿದ್ದು ನಾನು ಪಟ್ಟ ಪಾಡು

ಜರ್ಮನಿಗೆ ಓದಲು ಹೊರಟವರು ಇದನ್ನು ಓದಿ. ಬ್ಯಾಂಕಿಗೆ ಹೋಗಿ ಸಹಿ ಹಾಕುವವರು ಅಪ್ಪ ಅಮ್ಮ ತಾನೇ, ಅವರಿಗೂ ತೋರಿಸಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಸ್ಟೂಡೆಂಟ್ ವೀಸಾ ಸಿಗಬೇಕಾದರೆ ಒಂದು ವರ್ಷದ ಖರ್ಚಿಗೆ ದುಡ್ಡಿದೆ ಅಂತ ತೋರಿಸಬೇಕು. ಹೆಚ್ಚಿನವರು ಅದಕ್ಕೆ ಬ್ಲಾಕ್ಡ್ ಅಕೌಂಟ್ ಮಾಡಿಸುತ್ತಾರೆ. ಊರಲ್ಲೇ ಕೂತು ಆನ್‌ಲೈನ್‌ನಲ್ಲಿ ಖಾತೆ ತೆರೆದು 11,904 ಯೂರೋ ತುಂಬಬೇಕು (2024ರ ಸೆಪ್ಟೆಂಬರ್‌ನಿಂದ ಈ ಮೊತ್ತ), ಇಲ್ಲಿಗೆ ಬಂದ ಮೇಲೆ ತಿಂಗಳಿಗೆ 992 ಯೂರೋ ಬಿಡುತ್ತಾರೆ. ದುಡ್ಡು ನಮ್ಮದೇ, ಬೀಗದ ಕೈ ಅವರ ಹತ್ತಿರ.

ಖಾತೆ ತೆರೆಯುವುದು ಹತ್ತು ನಿಮಿಷದ ಕೆಲಸ. ಕಷ್ಟ ಶುರುವಾಗಿದ್ದು ದುಡ್ಡು ಕಳಿಸುವಾಗ. ಕನ್ಸಲ್ಟೆನ್ಸಿಯವನು "ಸರಿಯಾಗಿ 11,904 ಹಾಕಿಬಿಡಿ ಸರ್" ಅಂದ. 2025ರ ಫೆಬ್ರವರಿಯಲ್ಲಿ ಅಪ್ಪ ಎಫ್‌ಡಿ ಮುರಿಸಿ ಹಾಸನದ ಒಂದು ಬ್ರಾಂಚ್‌ಗೆ ಹೋದರು. 91 ರೂಪಾಯಿ ದರದಲ್ಲಿ 10.83 ಲಕ್ಷ. ಕೌಂಟರ್‌ನಲ್ಲಿದ್ದವರು "ಹೊರದೇಶದಲ್ಲಿ ಖಾತೆ ತೆರೆಯೋದು ಅಲ್ವಾ" ಅಂತ ಎ2 ಫಾರಂನಲ್ಲಿ (ಹೊರದೇಶಕ್ಕೆ ದುಡ್ಡು ಯಾಕೆ ಹೋಗುತ್ತಿದೆ ಅಂತ ಕೋಡ್ ಹಾಕಿ ತಿಳಿಸುವ ಫಾರಂ) ಎಸ್ 0023 ಕೋಡ್ ಬರೆದರು. ಹೆಸರು ನೋಡಿದರೆ ಸರಿಯೇ, ಅದು ವಿದೇಶಿ ಖಾತೆ ತೆರೆಯುವ ಕೋಡೇ. ಆದರೆ ಓದಿಗೆ ಅಂತ ಬೇರೆ ಕೋಡ್ ಇದೆ, ಎಸ್ 0305. ಆಗ ವರ್ಷಕ್ಕೆ 7 ಲಕ್ಷ ದಾಟಿದ ಹಣಕ್ಕೆ ಓದಿನ ಖರ್ಚಾದರೆ 5% ಟಿಸಿಎಸ್ (ದುಡ್ಡು ಕಳಿಸುವಾಗಲೇ ಬ್ಯಾಂಕ್ ಹಿಡಿದುಕೊಳ್ಳುವ ತೆರಿಗೆ), ಖಾತೆ ತೆರೆಯಲು ಅಂದರೆ 20%. ಹತ್ತೊಂಬತ್ತು ಸಾವಿರ ಕಡಿತ ಆಗಬೇಕಾದ ಕಡೆ 76,653 ರೂಪಾಯಿ ಹೋಯಿತು. 2025ರ ಏಪ್ರಿಲ್‌ನಿಂದ ಮಿತಿ 10 ಲಕ್ಷಕ್ಕೆ ಏರಿದೆ, ಆದರೂ ಅಡ್ಮಿಷನ್ ಲೆಟರ್ ಜೊತೆಗಿಟ್ಟು, ಸಹಿ ಹಾಕುವ ಮೊದಲು ಆ ಕೋಡ್ ಮೇಲೆ ಬೆರಳಿಟ್ಟು ಕೇಳಿ.

ಇಷ್ಟಾದರೂ ನೆಮ್ಮದಿ ಇಲ್ಲ. ನಾಲ್ಕು ದಿನ ಬಿಟ್ಟು ಬ್ಲಾಕ್ಡ್ ಅಕೌಂಟ್ ಕೊಟ್ಟ ಕಂಪನಿಯಿಂದ ಮೇಲ್ ಬಂತು: 11,882 ಯೂರೋ ಬಂದಿದೆ, 22 ಕಡಿಮೆ. ನಡುವೆ ಇರುವ ಯಾವುದೋ ಬ್ಯಾಂಕ್ ತನ್ನ ಪಾಲು ತೆಗೆದುಕೊಂಡಿತ್ತು. ಫಾರಂನಲ್ಲಿ ಚಾರ್ಜ್ ಯಾರದು ಅಂತ ಕೇಳುವ ಜಾಗದಲ್ಲಿ "ಶೇರ್ಡ್" ಅಂತ ಟಿಕ್ ಆಗಿದ್ದರೆ ಹೀಗಾಗುತ್ತದೆ, ಪೂರ್ತಿ ನಾವೇ ಕೊಡುತ್ತೇವೆ ಅಂತ "ಓಯುಆರ್" ಹಾಕಿಸಬೇಕಿತ್ತು. ಒಂದು ಯೂರೋ ಕಡಿಮೆ ಇದ್ದರೂ ಕನ್ಫರ್ಮೇಷನ್ ಪತ್ರ ಕೊಡುವುದಿಲ್ಲ, ಆ ಪತ್ರ ಇಲ್ಲದೆ ವೀಸಾ ಫೈಲ್ ಪೂರ್ತಿಯಾಗುವುದಿಲ್ಲ. ಎರಡು ಸಾವಿರ ರೂಪಾಯಿ ಬೆಲೆಯ ಯೂರೋ ಕಳಿಸಲು ಅಪ್ಪ ಮತ್ತೆ ಅದೇ ಫಾರಂ, ಅದೇ ಸಹಿ, ಅದೇ ಕ್ಯೂ! ಅಷ್ಟರಲ್ಲಿ ನನ್ನ ಅಪಾಯಿಂಟ್‌ಮೆಂಟ್ ತಾರೀಖು ದಾಟಿತ್ತು. ಕ್ಲಾಸ್ ಶುರುವಾಗಿ ಮೂರು ವಾರವಾದ ಮೇಲೆ ಬಂದು ಇಳಿದೆ. ಸುಮ್ನೆ ನೂರು ಯೂರೋ ಜಾಸ್ತಿ ಕಳಿಸಿ, ಹೆಚ್ಚಿನದು ನಿಮಗೇ ವಾಪಸ್ ಬರುತ್ತದೆ.

ಇಲ್ಲಿ ಬಂದ ಮೇಲಿನ ಕಥೆ ಇನ್ನೊಂದು. ಆ 992 ಬರಬೇಕಾದರೆ ಇಲ್ಲಿ ಒಂದು ಮಾಮೂಲಿ ಖಾತೆ ಬೇಕು. ನಾನು ಹೋದ ಬ್ಯಾಂಕಿನವರು ವಿಳಾಸ ನೋಂದಣಿಯ ಕಾಗದ (ಆನ್‌ಮೆಲ್ಡುಂಗ್) ಕೇಳಿದರು. ಅದಕ್ಕೆ ಮನೆ ಮಾಲೀಕರ ಸಹಿಯ ಪತ್ರ ಬೇಕು. ನಾನಿದ್ದದ್ದು ಎರಡು ತಿಂಗಳಿಗೆ ಹಿಡಿದ ರೂಮ್, ಆಯಮ್ಮ ಸಹಿ ಹಾಕಲ್ಲ ಅಂದರು. ಖಾತೆಯಲ್ಲಿ ಹನ್ನೊಂದು ಸಾವಿರ ಯೂರೋ, ಜೇಬಲ್ಲಿ ತಂದಿದ್ದ 500ರಲ್ಲಿ ಉಳಿದದ್ದು 140. ಅಮ್ಮ ಡಬ್ಬಿಗೆ ತುಂಬಿ ಕೊಟ್ಟಿದ್ದ ಪುಳಿಯೋಗರೆ ಗೊಜ್ಜಿಗೆ ಅನ್ನ ಕಲಸಿಕೊಂಡು ದಿನ ತಳ್ಳಿದೆ, ಕೊನೆಗೆ ಡಬ್ಬಿಯ ತಳಕ್ಕೆ ಬಿಸಿ ಅನ್ನ ಹಾಕಿ ಒರೆಸಿದ್ದೂ ಆಯಿತು.

ದಾರಿ ತೋರಿಸಿದ್ದು ಧಾರವಾಡದ ಸೀನಿಯರ್ ಒಬ್ಬರು. ಯುರೋಪಿಯನ್ ಒಕ್ಕೂಟದಲ್ಲಿ ಕಾನೂನುಬದ್ಧವಾಗಿ ಇರುವ ಯಾರಿಗಾದರೂ ಇಲ್ಲಿ "ಬಾಸಿಸ್‌ಕೊಂಟೊ" ಅನ್ನುವ ಮೂಲ ಖಾತೆಯ ಹಕ್ಕಿದೆ, 2016ರಿಂದ ಇರುವ ಕಾನೂನು. ಅರ್ಜಿ ಪೂರ್ತಿಯಾಗಿದ್ದರೆ ಹತ್ತು ಕೆಲಸದ ದಿನದೊಳಗೆ ತೆರೆಯಬೇಕು, ಇಲ್ಲ ಅನ್ನುವುದಾದರೆ ಕಾರಣ ಬರೆದು ಕೊಡಬೇಕು. ಬೇರೆ ಬ್ಯಾಂಕಿಗೆ ಹೋಗಿ ಆ ಹೆಸರು ಹೇಳಿ ಅರ್ಜಿ ಕೇಳಿದೆ. ಕೌಂಟರ್‌ನವರು ಒಂದು ಸಲ ಮುಖ ನೋಡಿ ಫಾರಂ ತಂದು ಕೊಟ್ಟರು. ಎಂಟನೇ ದಿನಕ್ಕೆ ಖಾತೆ ಸಿಕ್ಕಿತು. ಈ ಪದ ಮೊದಲ ದಿನವೇ ಗೊತ್ತಿದ್ದರೆ!

ಕೈಯಲ್ಲಿ ಕಡಿಮೆ ಅಂದರೂ ಎರಡು ತಿಂಗಳ ಖರ್ಚು ಇಟ್ಟುಕೊಂಡು ಬನ್ನಿ. ಟಿಸಿಎಸ್ ಕಟ್ ಆಗಿದ್ದರೆ, ಯಾರ ಪ್ಯಾನ್‌ನಲ್ಲಿ ಕಟ್ ಆಗಿದೆಯೋ ಅವರ ತೆರಿಗೆ ಲೆಕ್ಕದ ಫಾರಂ 26ಎಎಸ್‌ನಲ್ಲಿ ಬಂದಿದೆಯಾ ನೋಡಿ, ಅವರೇ ರಿಟರ್ನ್ಸ್‌ನಲ್ಲಿ ಕೇಳಬೇಕು. ಅಪ್ಪ ಕೇಳಿದ್ದಾರೆ. ದುಡ್ಡು ಇನ್ನೂ ಬಂದಿಲ್ಲ.